ಮರಿ ಯಾರ ಪಾಲಿಗೆ? ಜಾತಿ ನಾಯಿ ಕೊಳ್ಳುವ ಮುನ್ನ ಆಯ್ದುಕೊಳ್ಳಬೇಕಾದ ಕರಾರು

1872ರ ಭಾರತೀಯ ಕರಾರು ಕಾಯ್ದೆಯೊಳಗೆ ಒಂದು ಹಸು ಇದೆ. 163ನೇ ಸೆಕ್ಷನ್ನಿನ ಉದಾಹರಣೆಯಲ್ಲಿ ಒಬ್ಬಾತ ತನ್ನ ಹಸುವನ್ನು ನೋಡಿಕೊಳ್ಳಲೆಂದು ಇನ್ನೊಬ್ಬನ ಬಳಿ ಬಿಡುತ್ತಾನೆ. ಅಲ್ಲಿ ಹಸು ಕರು ಹಾಕುತ್ತದೆ. ಬೇರೆ ಮಾತಾಗಿರದಿದ್ದರೆ ಹಸುವಿನೊಂದಿಗೆ ಕರುವನ್ನೂ ಒಡೆಯನಿಗೆ ಒಪ್ಪಿಸಬೇಕು ಎನ್ನುತ್ತದೆ ಕಾಯ್ದೆ. ಶಿರಾ, ಪಾವಗಡದ ಕಡೆ ಕುರಿಯನ್ನು ಪಾಲಿಗೆ ಕೊಡುವವರಿಗೆ ಈ ಸೆಕ್ಷನ್ ಓದುವ ಅಗತ್ಯವೇ ಬಿದ್ದಿಲ್ಲ. ತಾಯಿ ಯಾರದು, ಹುಟ್ಟಿದ ಮರಿಯಲ್ಲಿ ಯಾರಿಗೆಷ್ಟು ಎಂಬುದು ಊರಿಗೆಲ್ಲ ಗೊತ್ತಿರುವ ಲೆಕ್ಕ. ತಪ್ಪಿದವನನ್ನು ಕೇಳಲು ಅರಳಿಕಟ್ಟೆ ಇದೆ.

ಜಾತಿ ನಾಯಿಯ ವ್ಯಾಪಾರಕ್ಕೆ ಅಂಥ ಕಟ್ಟೆಯೂ ಇಲ್ಲ, ಅಂಥ ರೂಢಿಯೂ ಇಲ್ಲ. ಮಾರುವವರು ಬೆಂಗಳೂರಿನಲ್ಲಿ, ಕೊಳ್ಳುವವರು ತುಮಕೂರಿನಲ್ಲಿ, ಪರಿಚಯ ಮೊಬೈಲಿನಲ್ಲಿ. ನಾಯಿಯನ್ನು ಮಾರಿದ್ದೋ ಅಥವಾ ಪಾಲಿಗೆ ಬಿಟ್ಟದ್ದೋ ಎಂಬುದೇ ಇಬ್ಬರ ತಲೆಯಲ್ಲಿ ಬೇರೆಬೇರೆಯಾಗಿರುತ್ತದೆ. ಮಾರಿದ್ದಾದರೆ ಮರಿ ಕೊಂಡವನದು. ಬಿಟ್ಟದ್ದಾದರೆ ಕಾಯ್ದೆಯ ಕರುವಿನಂತೆ ಮರಿ ಬಿಟ್ಟವನದು. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಒಂದು ಗೊಂದಲದಿಂದ. ನನ್ನದೂ ಅದರಲ್ಲಿ ಸೇರಿದೆ.

ಆರು ವರ್ಷದ ಹಿಂದೆ ತಿಪಟೂರಿನ ಬಳಿಯ ನಮ್ಮ ತೋಟದ ಮನೆಗೆ ಒಂದು ಲ್ಯಾಬ್ರಡಾರ್ ಹೆಣ್ಣು ಮರಿ ತಂದೆ. ಬೆಲೆ 25,000 ಎಂದಿದ್ದ ಬ್ರೀಡರ್, ನಾನು ಹಿಂದೆಮುಂದೆ ನೋಡುವುದನ್ನು ಕಂಡು, “12,000 ಕೊಡಿ ಸಾರ್, ಮೊದಲ ಸೂಲಿನಲ್ಲಿ ನಮಗೆ ಎರಡು ಮರಿ ಕೊಟ್ಟರೆ ಸಾಕು” ಎಂದರು. ಅವರ ಲೆಟರ್‌ಹೆಡ್ಡಿನ ಮೇಲೆ ಒಂದೇ ಸಾಲು ಬರೆದು ಇಬ್ಬರೂ ಸಹಿ ಮಾಡಿದೆವು. ಕುರಿ ಪಾಲಿಗೆ ಕೊಟ್ಟುತಂದ ಮನೆತನದವನಾದ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಹನ್ನೊಂದನೇ ತಿಂಗಳಿಗೆ ಅದು ಬೆದೆಗೆ ಬಂತು. ಬ್ರೀಡರ್ ಗಂಡು ನಾಯಿ ಸಿದ್ಧವಿದೆ, ಕರೆತನ್ನಿ ಎಂದರು. ನಮ್ಮ ಪಶುವೈದ್ಯರು ಬೇಡವೆಂದರು. ಎರಡನೇ ಬೆದೆಯನ್ನೂ ಬಿಟ್ಟೆವು. ಅಲ್ಲಿಗೆ ಮಾತು ಕೆಟ್ಟಿತ್ತು, ಒಂದು ವರ್ಷ ನಷ್ಟ ಮಾಡಿದಿರಿ ಎಂದು ಅವರ ಆಕ್ಷೇಪ. ಎರಡು ವರ್ಷ ತುಂಬುವ ಹೊತ್ತಿನ ಮೂರನೇ ಬೆದೆಯಲ್ಲಿ ಕ್ರಾಸ್ ಮಾಡಿಸಿದೆವು. ಸಹಜವಾಗಿ ಹೆರಲಾಗದೆ ತುಮಕೂರಿಗೆ ಓಡಿಸಿ ಸಿಸೇರಿಯನ್ ಮಾಡಿಸಬೇಕಾಯಿತು. ಬಿಲ್ಲು 14,000. ಐದು ಮರಿಗಳಲ್ಲಿ ಒಂದು ಮೂರನೇ ದಿನ ಸತ್ತಿತು. ಉಳಿದ ನಾಲ್ಕರಲ್ಲಿ ಹೆಣ್ಣು ಒಂದೇ. ಅದನ್ನು ನಾನು ಅಕ್ಕನಿಗೆ ಕೊಡುವುದಾಗಿ ಹೇಳಿಬಿಟ್ಟಿದ್ದೆ. ಬ್ರೀಡರ್ ಬಂದವರು ಮೊದಲು ಎತ್ತಿಕೊಂಡದ್ದೇ ಆ ಹೆಣ್ಣನ್ನು, ಆಮೇಲೆ ಗಂಡುಗಳಲ್ಲಿ ಚೆಂದದ್ದನ್ನು. ಸಿಸೇರಿಯನ್ ಖರ್ಚಿನಲ್ಲಿ ಪಾಲು ಕೇಳಿದರೆ, ನಾಯಿ ನಿಮ್ಮದಲ್ಲವೇ ಎಂದರು. ಹಾಗಾದರೆ ಪೇಪರ್, ಅಂದರೆ ನಾಯಿಯ ನೋಂದಣಿ ಪತ್ರ, ಕೊಡಿ ಎಂದರೆ, ಕರಾರು ಮುಗಿಯುವವರೆಗೆ ನಾಯಿ ನಮ್ಮ ಹೆಸರಿನಲ್ಲೇ ಇರುತ್ತದೆ ಎಂದರು. ಖರ್ಚಿಗೆ ನಾನು ಒಡೆಯ, ಮರಿಗೆ ಅವರು ಒಡೆಯರು.

ಆ ಒಂದು ಸಾಲಿನ ಚೀಟಿಯಲ್ಲಿ ಏನೇನು ಇರಲಿಲ್ಲ ಎಂಬುದು ನನಗೆ ಅಂದು ಅರ್ಥವಾಯಿತು. ಆಮೇಲೆ ನಾಯಿ ಕೊಳ್ಳುವ ನೆಂಟರು, ಗೆಳೆಯರು ತಮ್ಮ ಕಾಗದಗಳನ್ನು ನನಗೆ ತಂದು ತೋರಿಸುವುದು ಅಭ್ಯಾಸವಾಯಿತು. ಹೀಗೆ ಕಂಡ ನಾಲ್ಕು ಬಗೆಯ ಕರಾರುಗಳಲ್ಲಿ ಯಾವುದು ಯಾರಿಗೆ ಒಗ್ಗುತ್ತದೆ ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ. ನಾನು ವಕೀಲನಲ್ಲ. ಹಣ ದೊಡ್ಡದಿದ್ದರೆ ಸಹಿಗೆ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿ.

ಪೇಪರ್ ಎಂಬ ಪಹಣಿ

ನಮ್ಮ ಕಡೆ “ಪೇಪರ್ ಇರುವ ನಾಯಿ” ಎಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ನೋಂದಣಿಯಾದ ನಾಯಿ. ಕ್ಲಬ್ಬಿನ ಕೇಂದ್ರ ಕಚೇರಿ ಚೆನ್ನೈನಲ್ಲಿದೆ. ಅದು ಸರ್ಕಾರದ ಇಲಾಖೆಯಲ್ಲ. ಹಾಗಾಗಿ ಅದು ಕೊಡುವ ಪ್ರಮಾಣಪತ್ರ ಒಡೆತನದ ಕೊನೆಯ ಮಾತೂ ಅಲ್ಲ. ಪಹಣಿಯಂತೆಯೇ ಅಂದುಕೊಳ್ಳಿ: ಪಹಣಿ ಕ್ರಯಪತ್ರವಲ್ಲ, ಆದರೂ ಎಲ್ಲರೂ ಮೊದಲು ನೋಡುವುದು ಅದನ್ನೇ. ಪ್ರಮಾಣಪತ್ರದಲ್ಲಿ ನಾಯಿಯ ಮೈಕ್ರೋಚಿಪ್ ಸಂಖ್ಯೆ, ತಂದೆತಾಯಿ, ಅವುಗಳ ಹಿಂದಿನ ತಲೆಮಾರು, ಈಗಿನ ಮಾಲೀಕರ ಹೆಸರು ಇರುತ್ತವೆ. ಪೌತಿ ಖಾತೆಗಾಗಿ ವಂಶವೃಕ್ಷ ಮಾಡಿಸಲು ನಾಡಕಚೇರಿಗೆ ಅಲೆದವರಿಗೆ, ನಾಯಿಯ ವಂಶಾವಳಿ ಇಷ್ಟು ಅಚ್ಚುಕಟ್ಟಾಗಿರುವುದನ್ನು ಕಂಡು ಹೊಟ್ಟೆಕಿಚ್ಚಾಗಬಹುದು.

ತಳಿಯ ಹಕ್ಕಿನ, ಅಂದರೆ ಮರಿ ಹಾಕಿಸಿ ಅವನ್ನು ನೋಂದಾಯಿಸುವ ಹಕ್ಕಿನ, ಬೀಗದ ಕೈ ಇರುವುದು ಮಾಲೀಕರ ಹೆಸರಿನ ಆ ಒಂದು ಸಾಲಿನಲ್ಲಿ. ಒಂದು ಸೂಲಿನ ಮರಿಗಳನ್ನು ನೋಂದಾಯಿಸಬೇಕಾದವರು ದಾಖಲೆಯಲ್ಲಿ ತಾಯಿ ನಾಯಿಯ ಮಾಲೀಕರು. ತಂದೆ ನಾಯಿಯ ಮಾಲೀಕರ ಒಪ್ಪಿಗೆಯೂ ಬೇಕು. ಹೆಣ್ಣು ನಿಮ್ಮ ಮನೆಯಲ್ಲಿದ್ದು ಹೆಸರು ಬೇರೆಯವರದಾಗಿದ್ದರೆ, ಹುಟ್ಟಿದ ಮರಿಗಳು ನಿಮ್ಮ ಮಡಿಲಲ್ಲಿದ್ದರೂ ಅವರ ಸಹಿಯಿಲ್ಲದೆ ಪೇಪರ್ ಇಲ್ಲದ ಮರಿಗಳೇ. ಬೆಲೆ ಅರ್ಧಕ್ಕೆ ಇಳಿಯುವುದು ಅಲ್ಲಿ. ಬ್ರೀಡರ್ ಪೇಪರನ್ನು ಕೈಯಲ್ಲಿ ಹಿಡಿದುಕೊಳ್ಳುವುದು ಮರೆವಿನಿಂದಲ್ಲ.

ಪೂರ್ತಿ ಬೆಲೆ, ಪೂರ್ತಿ ಹಕ್ಕು

ಮೊದಲ ಬಗೆ ಸರಳ. ಕೇಳಿದ ಬೆಲೆ ಕೊಡುತ್ತೀರಿ, ನಾಯಿಯೂ ಹೆಸರೂ ಮುಂದಿನ ಮರಿಗಳೂ ನಿಮ್ಮವು. ಕಾನೂನಿನ ಕಣ್ಣಿಗೆ ನಾಯಿ ಚರ ಸ್ವತ್ತು. 1930ರ ಸರಕು ಮಾರಾಟ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಷರತ್ತು ಹಾಕದೆ ಮಾರಿದ ಮೇಲೆ ಮಾರಿದವರಿಗೆ ಮರಿಗಳ ಮೇಲೆ ಮಾತಿಲ್ಲ.

ಇಲ್ಲಿ ಎಡವುವುದು ಕಾಲಾವಕಾಶದಲ್ಲಿ. ಮರಿಯನ್ನು ಮನೆಗೆ ತಂದ ದಿನ ಪೇಪರ್ ಸಾಮಾನ್ಯವಾಗಿ ಸಿದ್ಧವಿರುವುದಿಲ್ಲ. ಸೂಲಿನ ನೋಂದಣಿಯಾಗಿ ಪ್ರಮಾಣಪತ್ರ ಬರಲು ಸಮಯ ಹಿಡಿಯುತ್ತದೆ. “ಬಂದ ಕೂಡಲೇ ಕೊರಿಯರ್ ಮಾಡುತ್ತೇವೆ” ಎಂಬ ಮಾತು ಪ್ರಾಮಾಣಿಕವಾಗಿರಬಹುದು, ಇಲ್ಲದೆಯೂ ಇರಬಹುದು. ಆದ್ದರಿಂದ ಬೆಲೆಯ ಒಂದು ಭಾಗವನ್ನು, ಕಾಲು ಭಾಗವಾದರೂ ಸರಿ, ಪೇಪರ್ ನಿಮ್ಮ ಹೆಸರಿಗೆ ವರ್ಗವಾಗುವ ದಿನಕ್ಕೆ ಉಳಿಸಿಕೊಳ್ಳಿ. ಮಾಲೀಕತ್ವ ವರ್ಗಾವಣೆಯ ಅರ್ಜಿಗೆ ಮಾರುವವರ ಸಹಿಯನ್ನು ಮರಿ ಕೈಗೆ ಬರುವ ದಿನವೇ ಪಡೆಯಿರಿ. ಪಶುವೈದ್ಯರ ಬಳಿ ಸ್ಕ್ಯಾನರ್ ಇದ್ದರೆ ಮರಿಯ ಮೈಯಲ್ಲಿರುವ ಚಿಪ್ಪಿನ ಸಂಖ್ಯೆಗೂ ಕಾಗದದ ಸಂಖ್ಯೆಗೂ ತಾಳೆ ನೋಡಿ. ಕೋಲಾರದ ಪರಿಚಯದವರೊಬ್ಬರಿಗೆ ಬಂದ ಪೇಪರ್ ಅಸಲಿಯೇ, ಆದರೆ ಅದು ಅದೇ ಸೂಲಿನ ಇನ್ನೊಂದು ಮರಿಯದು.

ಹಣವನ್ನು ಯುಪಿಐಯಲ್ಲಿ ಕಳಿಸುವಾಗ ಟಿಪ್ಪಣಿಯ ಜಾಗವನ್ನು ಖಾಲಿ ಬಿಡಬೇಡಿ. “ಹೆಣ್ಣು ಮರಿಯ ಬೆಲೆ, ಷರತ್ತಿಲ್ಲ” ಎಂದು ಬರೆದು ಕಳಿಸಿದ ಆ ನಾಲ್ಕು ಪದ, ಮುಂದೊಂದು ದಿನ ನಾಲ್ಕು ಸಾಕ್ಷಿಗಳಿಗಿಂತ ಗಟ್ಟಿಯಾಗಿ ನಿಲ್ಲಬಹುದು.

ಮರಿ ಹಾಕಿಸುವ ಉದ್ದೇಶ ನಿಜಕ್ಕೂ ಇದ್ದವರು ಈ ಬಗೆಯನ್ನೇ ಹಿಡಿಯಬೇಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ. ದುಬಾರಿ ಎನಿಸಿದರೆ ಇನ್ನೊಂದು ವರ್ಷ ಕಾಯಿರಿ. ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟುವವರು ಎಷ್ಟೇ ಚೌಕಾಸಿ ಮಾಡಲಿ, ವ್ಯಾಪಾರ ಮುಗಿದ ಮೇಲೆ ಹಗ್ಗ ಒಬ್ಬರ ಕೈಯಲ್ಲೇ ಇರುತ್ತದೆ.

ಸಾಕುವುದಕ್ಕೆ ಮಾತ್ರ

ಎರಡನೆಯ ಬಗೆಯಲ್ಲಿ ಬ್ರೀಡರ್ ಕಡಿಮೆ ಬೆಲೆಗೆ ಮರಿ ಕೊಟ್ಟು, ಇದರಿಂದ ಮರಿ ಹಾಕಿಸಕೂಡದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದು ಬರೆಸಿಕೊಳ್ಳುತ್ತಾರೆ. ಪರದೇಶಗಳಲ್ಲಿ ಇದಕ್ಕೆ ನೋಂದಣಿಯಲ್ಲೇ ವ್ಯವಸ್ಥೆಯಿದೆ. ಅಮೆರಿಕನ್ ಕೆನಲ್ ಕ್ಲಬ್ಬಿನಲ್ಲಿ ಸೀಮಿತ ನೋಂದಣಿ ಪಡೆದ ನಾಯಿಯ ಮರಿಗಳಿಗೆ ನೋಂದಣಿ ಸಿಗುವುದಿಲ್ಲ. ಬ್ರಿಟನ್ನಿನ ಕೆನಲ್ ಕ್ಲಬ್ಬಿನಲ್ಲಿ ಬ್ರೀಡರ್ ತಾವು ಮಾರುವ ಮರಿಯ ದಾಖಲೆಯ ಮೇಲೆ ಅಂಥದ್ದೇ ನಿರ್ಬಂಧ ಹಾಕಿಸಬಹುದು, ಅವರೇ ತೆಗೆಸಬಹುದು. ನಮ್ಮಲ್ಲಿ ಬ್ರೀಡರ್‌ಗಳು ಕಂಡುಕೊಂಡ ಉಪಾಯ ಪೇಪರನ್ನೇ ಕೊಡದಿರುವುದು.

ಈ ಷರತ್ತನ್ನು ಕೇಳಿ ಕೆಲವರು ಮುನಿಸಿಕೊಳ್ಳುತ್ತಾರೆ. ನಾನು ಮುನಿಸಿಕೊಳ್ಳುವುದಿಲ್ಲ. ಮನೆಗೊಂದು ನಾಯಿ ಬೇಕೆನ್ನುವವರಿಗೆ ನಾಲ್ಕು ಬಗೆಗಳಲ್ಲಿ ಇದೇ ಒಳ್ಳೆಯದು. ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಎಂಬ ಕಾಯಿಲೆ ಬರುವುದುಂಟು. ಸಕಾಲದಲ್ಲಿ ತೆಗೆಸದಿದ್ದರೆ ಪ್ರಾಣಕ್ಕೇ ಕುತ್ತು. ಸಂತಾನಹರಣ ಮಾಡಿಸಿದರೆ ಆ ಭಯವಿಲ್ಲ. ಬೀದಿ ನಾಯಿಗಳ ಜೊತೆ ಕೂಡಿ ಅಂಟುವ ಜನನಾಂಗದ ಗಡ್ಡೆಯ ಭಯವೂ ಕಡಿಮೆ.

ಆದರೆ ಬರೆದುಕೊಳ್ಳುವ ರೀತಿ ಸರಿಯಿರಬೇಕು. “ಆರು ತಿಂಗಳೊಳಗೆ ಮಾಡಿಸತಕ್ಕದ್ದು” ಎಂದು ಅಚ್ಚು ಹಾಕಿಸಿದ ಕರಾರನ್ನು ನೋಡಿದ್ದೇನೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಿಗೆ ಮೂಳೆ ಬೆಳೆದು ನಿಲ್ಲುವವರೆಗೆ ಕಾಯಿರಿ ಎನ್ನುವ ವೈದ್ಯರು ಅನೇಕರು. ಆದ್ದರಿಂದ ತಿಂಗಳ ಲೆಕ್ಕದ ಬದಲು “ಪಶುವೈದ್ಯರು ಬರೆದುಕೊಟ್ಟ ವಯಸ್ಸಿಗೆ, ಎರಡು ವರ್ಷ ಮೀರದಂತೆ” ಎಂದಿರಲಿ. ಇನ್ನೊಂದು ಅಂಶ ದಂಡದ್ದು. “ತಪ್ಪಿದರೆ ಒಂದು ಲಕ್ಷ” ಎಂಬ ಸಾಲು ನೋಡಿ ಬೆವರುವುದು ಬೇಡ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಹೀಗೆ ಬರೆದ ಮೊತ್ತ ಒಂದು ಮಿತಿ ಮಾತ್ರ. ಅದರೊಳಗೆ ನ್ಯಾಯವೆನಿಸಿದಷ್ಟನ್ನೇ ನ್ಯಾಯಾಲಯ ಕೊಡಿಸುತ್ತದೆ. ಇಬ್ಬರಿಗೂ ಅನುಕೂಲವಾಗುವ ದಾರಿ ಠೇವಣಿಯದು: ಬೆಲೆಯ ಜೊತೆ ಐದು ಸಾವಿರ ಹೆಚ್ಚಾಗಿ ಕೊಟ್ಟು, ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರ ತೋರಿಸಿದ ದಿನ ವಾಪಸ್ ಪಡೆಯುವುದು. ಚಿಕ್ಕಬಳ್ಳಾಪುರದ ಒಂದು ಮನೆಯವರು ಹೀಗೆ ಮಾಡಿ, ಅಂದೇ ಹಣದ ಜೊತೆ ಪೇಪರನ್ನೂ ಪಡೆದರು. ಎಲ್ಲ ಬ್ರೀಡರ್‌ಗಳೂ ಒಂದೇ ತೂಕದವರಲ್ಲ ಎಂದು ಒಪ್ಪಿಕೊಳ್ಳಬೇಕು.

ಬೆಳೆದ ನಾಯಿ ಕೊಳ್ಳುವವರಿಗೆ ಒಂದು ಮಾತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ 2017ರಲ್ಲಿ ನಾಯಿ ತಳಿ ಮತ್ತು ಮಾರಾಟದ ನಿಯಮಗಳು ಬಂದವು. ಅವುಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆರು ತಿಂಗಳು ದಾಟಿದ ನಾಯಿಯನ್ನು ಸಂತಾನಹರಣ ಮಾಡಿಸದೆ ಮಾರುವುದಾದರೆ ಇನ್ನೊಬ್ಬ ನೋಂದಾಯಿತ ಬ್ರೀಡರ್‌ಗೆ ಮಾತ್ರ ಮಾರಬೇಕು. “ಎರಡು ವರ್ಷದ ಹೆಣ್ಣು, ಒಂದು ಸೂಲಾಗಿದೆ, ತಳಿಯ ಹಕ್ಕಿನೊಂದಿಗೆ” ಎಂದು ಯಾರಾದರೂ ನಿಮಗೆ ಕೊಡಲು ಬಂದರೆ, ಆ ಕರಾರಿನ ಬುಡವೇ ಅಲುಗುತ್ತಿರುತ್ತದೆ.

ಜಂಟಿ ಹೆಸರು

ಪಹಣಿಯಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರಿದ್ದರೆ ಏನಾಗುತ್ತದೆ ಎಂದು ಬಲ್ಲವರಿಗೆ ಈ ಮೂರನೆಯ ಬಗೆಯನ್ನು ಬಹಳ ವಿವರಿಸಬೇಕಿಲ್ಲ. ಬ್ರೀಡರ್ ಬೆಲೆ ಇಳಿಸಿ, ಪೇಪರಿನಲ್ಲಿ ತಮ್ಮ ಹೆಸರನ್ನೂ ನಿಮ್ಮ ಹೆಸರನ್ನೂ ಸೇರಿಸುತ್ತಾರೆ. ಡಾಗ್ ಶೋಗಳಿಗೆ ಹೋಗುವವರಲ್ಲಿ ಇದು ರೂಢಿ. ಹೊಸಬರಿಗೆ ಕಲಿಯಲು ಗುರು ಸಿಕ್ಕಂತೆ, ಹಳಬರಿಗೆ ತಮ್ಮ ಒಳ್ಳೆಯ ರಕ್ತ ಕೈತಪ್ಪದಂತೆ ಎಂಬುದು ಅದರ ಹಿಂದಿನ ಆಲೋಚನೆ. ಹೊಂದಿಕೆಯಾದರೆ ಒಳ್ಳೆಯದೇ.

ಹೊಂದಿಕೆ ತಪ್ಪಿದರೆ ಹೊರಬರುವ ಬಾಗಿಲಿಲ್ಲ. ಜಮೀನಾದರೆ ಸರ್ವೆ ಮಾಡಿಸಿ 11ಇ ನಕ್ಷೆ ತೆಗೆಸಿ ಭಾಗ ಮಾಡಿಕೊಳ್ಳಬಹುದು. ನಾಯಿಗೆ ಎಲ್ಲಿ ಬದು ಹಾಕುವುದು? ಪ್ರತಿ ಸೂಲಿನ ನೋಂದಣಿಗೂ ಎರಡು ಸಹಿ ಬೇಕು. ಒಬ್ಬರು ಊರು ಬಿಟ್ಟರೆ, ತೀರಿಕೊಂಡರೆ, ಮಾತು ಬಿಟ್ಟರೆ ಮರಿಗಳಿಗೆ ಪೇಪರ್ ಇಲ್ಲ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟದ ಕಾವಲಿಗೆಂದು ಜಂಟಿ ಹೆಸರಿನಲ್ಲಿ ರಾಟ್‌ವೀಲರ್ ತಂದವರೊಬ್ಬರ ಕಥೆ ಇದಕ್ಕೂ ವಿಚಿತ್ರ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮಾರಾಟ, ಸಾಕಾಣಿಕೆಗೆ ಪರವಾನಗಿ ಕೊಡಬಾರದು, ಈಗಾಗಲೇ ಇರುವ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕು ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ರಾಟ್‌ವೀಲರ್ ಆ ಪಟ್ಟಿಯಲ್ಲಿತ್ತು. ತೋಟದವರು ಹೆದರಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಈಗ ಜಂಟಿ ಮಾಲೀಕರು ಕೇಳುವುದು: ನನ್ನನ್ನು ಕೇಳದೆ ನನ್ನ ಅರ್ಧ ನಾಯಿಗೆ ಹೇಗೆ ಕತ್ತರಿ ಹಾಕಿಸಿದಿರಿ? ಕಾನೂನು ಬದಲಾದರೆ ಯಾರ ತೀರ್ಮಾನ ನಡೆಯಬೇಕು ಎಂಬ ಸಾಲು ಅವರ ಕರಾರಿನಲ್ಲಿ ಇರಲಿಲ್ಲ. ಯಾರ ಕರಾರಿನಲ್ಲಿ ಇರುತ್ತದೆ ಹೇಳಿ.

ಜಂಟಿ ಹೆಸರಿಗೆ ಒಪ್ಪಲೇಬೇಕಾದರೆ ಅವಧಿ ಬರೆಸಿಕೊಳ್ಳಿ. ಇಂತಿಷ್ಟು ಸೂಲು ಅಥವಾ ಇಂಥ ದಿನಾಂಕ, ಯಾವುದು ಮೊದಲೋ ಅಂದಿಗೆ ನಾಯಿ ಒಬ್ಬರ ಹೆಸರಿಗೆ ಎಂದು. ವರ್ಗಾವಣೆಯ ಅರ್ಜಿಗೆ ಅವರ ಸಹಿ ಹಾಕಿಸಿ ಇಬ್ಬರಿಗೂ ಬೇಕಾದವರ ಕೈಯಲ್ಲಿ ಇರಿಸಿ.

ಪಾಲಿನ ಕರಾರು

ನಾಲ್ಕನೆಯದು ನಾನು ಬಿದ್ದ ಹಳ್ಳ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಬೆಲೆಯ ಬದಲು ಮರಿ ಕೊಡುವ ಈ ಬಗೆಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಆರಂಭದ ಹಸುವಿನ ಪ್ರಶ್ನೆ. “ನಾಯಿ ಇಂದಿನಿಂದ ಕೊಂಡವರ ಸ್ವತ್ತು, ಕೊಡಬೇಕಾದ ಮರಿಗಳು ಬೆಲೆಯ ಬಾಕಿ ಮಾತ್ರ” ಎಂಬ ಒಂದು ವಾಕ್ಯ ಇದ್ದರೆ ನೀವು ಸಾಲಗಾರರು, ನಾಯಿ ನಿಮ್ಮದು. ಆ ವಾಕ್ಯವಿಲ್ಲದೆ ಪೇಪರೂ ಅವರ ಹೆಸರಿನಲ್ಲಿದ್ದರೆ, ನೀವು ಅವರ ನಾಯಿಯನ್ನು ಪುಕ್ಕಟೆ ಮೇಯಿಸುತ್ತಿರುವವರು ಎಂದು ವಾದಿಸಲು ಅವರಿಗೆ ದಾರಿಯಿದೆ. ಬಾಕಿಗೆ ಹಣದ ಮೊತ್ತವನ್ನೂ ಬರೆಯಿರಿ: ಮರಿ ಕೊಡಲಾಗದಿದ್ದರೆ ಇಷ್ಟು ರೂಪಾಯಿ ಕೊಟ್ಟು ಋಣ ಮುಗಿಸುವುದು. ನನ್ನ ಚೀಟಿಯಲ್ಲಿ “ಅಥವಾ 13,000 ರೂಪಾಯಿ” ಎಂಬ ಮೂರು ಪದ ಇದ್ದಿದ್ದರೆ ಈ ಲೇಖನದ ಅಗತ್ಯವೇ ಬೀಳುತ್ತಿರಲಿಲ್ಲ.

ಆಮೇಲೆ ವಯಸ್ಸು. 2017ರ ನಿಯಮದಂತೆ ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸುವಂತಿಲ್ಲ, 12 ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದು ಮೀರಬಾರದು. “ಮೊದಲ ಬೆದೆಗೇ”, “ಪ್ರತಿ ಬೆದೆಗೂ” ಎಂಬ ಷರತ್ತಿಗೆ ನೀವು ಸಹಿ ಹಾಕಿದ್ದರೂ ಅದು ಕಾನೂನು ನಿಷೇಧಿಸಿದ ಕೆಲಸದ ಕರಾರು. ಅಂಥದ್ದು ನಿಲ್ಲುವುದಿಲ್ಲ ಎನ್ನುವುದು ಕರಾರು ಕಾಯ್ದೆಯ 23ನೇ ಸೆಕ್ಷನ್. ಹನ್ನೊಂದನೇ ತಿಂಗಳಿಗೆ ಬೇಡವೆಂದ ನಮ್ಮ ವೈದ್ಯರು ನಾಯಿಯನ್ನಷ್ಟೇ ಅಲ್ಲ, ನನ್ನನ್ನೂ ಕಾಪಾಡಿದ್ದರು. ಅಂದು ನನಗೆ ಅದು ತಿಳಿದಿರಲಿಲ್ಲ.

ಮರಿಗಳ ಎಣಿಕೆ ಯಾವ ದಿನ? ಹುಟ್ಟಿದ ದಿನ ಎಣಿಸಿದರೆ ಮೂರನೇ ದಿನ ಸತ್ತ ಮರಿ ನಿಮ್ಮ ಪಾಲಿನದೇ ಆಗುತ್ತದೆ. ಮೊದಲ ಎರಡು ವಾರದಲ್ಲಿ ಮರಿ ಸಾಯುವುದು ಅಪರೂಪವಲ್ಲ. ಎಂಟು ವಾರಕ್ಕೆ ಬದುಕಿರುವ ಮರಿಗಳನ್ನು ಎಣಿಸಿ. ಮಾರಲು ಕಾನೂನು ಬಿಡುವುದೂ ಆಗಲೇ. ಆಯ್ಕೆಯ ಸರದಿ ಬರೆಯಿರಿ. ಎರಡು ಮರಿ ಕೊಡಬೇಕಿದ್ದರೆ ಮೊದಲ ಆಯ್ಕೆ ಅವರದು, ಎರಡನೆಯದು ನಿಮ್ಮದು, ಮೂರನೆಯದು ಅವರದು ಎಂಬುದು ನ್ಯಾಯವಾದ ಹಂಚಿಕೆ. ಒಂದೇ ಮರಿ ಉಳಿದರೆ? ಹೆಣ್ಣು ಒಂದೇ ಇದ್ದರೆ? ಶೀಟ್ಸು ತರದ ಪುಟ್ಟ ತಳಿಗಳಲ್ಲಿ ಸೂಲೇ ಚಿಕ್ಕದು. ಅಲ್ಲಿ “ಎರಡು ಮರಿ” ಎಂದರೆ ಅರ್ಧ ಸೂಲು ಕೊಟ್ಟಂತೆ. ಅದೇ ಮಾತನ್ನು ಲ್ಯಾಬ್ರಡಾರ್‌ಗೆ ಆಡಿದರೆ ತೂಕ ಬೇರೆ.

ಖರ್ಚಿನ ವಿಷಯದಲ್ಲಿ ಬ್ರೀಡರ್‌ಗಳು ಮೌನ ವಹಿಸುತ್ತಾರೆ, ಕೊಳ್ಳುವವರು ಸಂಕೋಚಪಡುತ್ತಾರೆ. ಗಂಡು ನಾಯಿಯ ಶುಲ್ಕ, ಕ್ರಾಸಿಗೆ ಮುಂಚೆ ಎರಡೂ ನಾಯಿಗಳಿಗೆ ಬ್ರೂಸೆಲ್ಲಾ ಪರೀಕ್ಷೆ, ಸುಮಾರು 63 ದಿನದ ಗರ್ಭಕಾಲದ ಆರೈಕೆ, ಸ್ಕ್ಯಾನಿಂಗ್, ಸಿಸೇರಿಯನ್, ಎಂಟು ವಾರ ಮರಿಗಳ ಆಹಾರ, ಮೊದಲ ಲಸಿಕೆ, ಚಿಪ್. ಇಷ್ಟನ್ನೂ ಹೊತ್ತು ಎರಡು ಮರಿ ಕೊಟ್ಟರೆ ರಿಯಾಯಿತಿ ಎನ್ನುವುದು ಎಲ್ಲಿ ಉಳಿಯಿತು? ಮರಿಯ ಪಾಲಿನಷ್ಟೇ ಖರ್ಚಿನಲ್ಲೂ ಪಾಲು ಎಂದು ಕೇಳಿ. ಬ್ರೂಸೆಲ್ಲಾ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಕೂಡುವಿಕೆಯಿಂದ ಹರಡಿ ಗರ್ಭಪಾತ, ಬಂಜೆತನ ತರುವ ಆ ಸೋಂಕು ಮನುಷ್ಯರಿಗೂ ದಾಟಬಲ್ಲದು.

ಇನ್ನು ಆಗದೇ ಹೋಗುವ ಸಂಗತಿಗಳು. ಬೆದೆಯೇ ಸರಿಯಾಗಿ ಬರದಿರಬಹುದು, ಗರ್ಭ ಕಟ್ಟದಿರಬಹುದು, ಸೊಂಟದ ಕೀಲಿನ ಎಕ್ಸ್‌ರೇ ನೋಡಿ ವೈದ್ಯರು ಈ ನಾಯಿಯ ತಳಿ ಮುಂದುವರಿಸಬೇಡಿ ಎನ್ನಬಹುದು, ಪಯೋಮೆಟ್ರಾ ಬಂದು ರಾತ್ರೋರಾತ್ರಿ ಗರ್ಭಕೋಶ ತೆಗೆಸಬೇಕಾಗಬಹುದು. ಆಗ ಬ್ರೀಡರ್‌ಗೆ ಫೋನ್ ಮಾಡಿ ಅನುಮತಿ ಕೇಳುತ್ತ ಕೂರಲಾಗದು. “ನಾಯಿಯ ಜೀವ, ಆರೋಗ್ಯದ ವಿಷಯದಲ್ಲಿ ಪಶುವೈದ್ಯರ ಲಿಖಿತ ಅಭಿಪ್ರಾಯವೇ ಅಂತಿಮ, ಅದರಿಂದ ಮರಿ ಕೊಡಲಾಗದಿದ್ದರೆ ಕರಾರು ಭಂಗವಾದಂತಲ್ಲ” ಎಂಬ ಸಾಲನ್ನು ನಾನೀಗ ಯಾರ ಕಾಗದ ನೋಡಿದರೂ ಮೊದಲು ಹುಡುಕುತ್ತೇನೆ. ಕೊನೆಗೊಂದು ದಿನಾಂಕವೂ ಇರಲಿ. ನಾಯಿಗೆ ಐದು ವರ್ಷ ತುಂಬಿದ ಮೇಲೆ ಯಾರೂ ಯಾರಿಗೂ ಮರಿ ಕೇಳಬಾರದು.

ಇಷ್ಟೆಲ್ಲ ಬರೆದರೂ ಒಂದು ತೊಡಕು ಉಳಿಯುತ್ತದೆ. ಮಾರಾಟಕ್ಕೆಂದು ಮರಿ ಹಾಕಿಸುವವರನ್ನು 2017ರ ನಿಯಮ ಬ್ರೀಡರ್ ಎಂದೇ ಕರೆಯುತ್ತದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು ಎನ್ನುತ್ತದೆ. ಪಾಲಿನ ಕರಾರಿಗೆ ಒಪ್ಪಿ ಉಳಿದ ಮರಿಗಳನ್ನು ಮಾರಲು ಹೊರಟ ಕ್ಷಣ, ಮನೆಗೊಂದು ನಾಯಿ ಬೇಕೆಂದಿದ್ದ ನೀವು ಆ ಬಾಗಿಲಲ್ಲಿ ನಿಂತಿರುತ್ತೀರಿ. 13,000 ರೂಪಾಯಿ ಉಳಿಸಲು ಇಷ್ಟು ದೂರ ಬರಬೇಕೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

ಗಂಡು ಕೊಂಡವರಿಗೆ

ಗಂಡು ನಾಯಿಯ ಕರಾರು ಸಣ್ಣದು, ಜಗಳವೂ ಸಣ್ಣದು. “ನಾವು ಕೇಳಿದಾಗ ಎರಡು ಸಲ ಕ್ರಾಸಿಗೆ ಕಳಿಸಬೇಕು” ಎಂದು ಬರೆಸಿಕೊಳ್ಳುತ್ತಾರೆ. ಗಂಡಿಗೂ 18 ತಿಂಗಳ ಮಿತಿ ಇದೆ. ಮರಿಯಾಗಿದ್ದಾಗಲೇ ಎರಡೂ ವೃಷಣ ಇಳಿದಿವೆಯೇ ಎಂದು ವೈದ್ಯರಿಂದ ನೋಡಿಸಿ. ಒಂದು ಒಳಗೇ ಉಳಿದಿದ್ದರೆ ಅದು ವಂಶದಲ್ಲಿ ಹರಿಯುವ ದೋಷ. ಅಂಥದ್ದನ್ನು ತಳಿಯ ಹಕ್ಕಿನ ಬೆಲೆಗೆ ಕೊಳ್ಳುವುದು ಹಣ ಚೆಲ್ಲಿದಂತೆ. ಗರ್ಭ ಕಟ್ಟದಿದ್ದರೆ ಮುಂದಿನ ಬೆದೆಯಲ್ಲಿ ಉಚಿತವಾಗಿ ಇನ್ನೊಮ್ಮೆ ಎಂಬುದು ರೂಢಿ, ಆದರೂ ಬರೆದಿಡಿ.

ಜಗಳ ಬಂದ ಮೇಲೆ

ಪೊಲೀಸ್ ಠಾಣೆಗೆ ಹೋದರೆ, ಇದು ಸಿವಿಲ್ ಸ್ವರೂಪದ ವ್ಯಾಜ್ಯ, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ ಎಂಬ ಹಿಂಬರಹ ಸಿಗುವ ಸಾಧ್ಯತೆಯೇ ಹೆಚ್ಚು. ನನಗೂ ಅದೇ ಸಿಕ್ಕಿತು. ಬೇರೆ ನಾಯಿಯ ಪೇಪರ್ ಅಂಟಿಸಿ ಮಾರಿದ್ದರೆ, ಸಹಿ ನಕಲಿ ಮಾಡಿದ್ದರೆ ಮಾತು ಬೇರೆ.

ಜಿಲ್ಲಾ ಗ್ರಾಹಕರ ಆಯೋಗ ಹೆಚ್ಚು ಹತ್ತಿರದ ಬಾಗಿಲು. 2019ರ ಕಾಯ್ದೆ ಬಂದ ಮೇಲೆ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬ್ರೀಡರ್ ಬೆಂಗಳೂರಿನವರಾದರೂ ತುಮಕೂರಿನಲ್ಲೇ ಕೇಳಬಹುದು. ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಪೇಪರ್ ಕೊಡದಿರುವುದು, ರೋಗದ ಮರಿ ಮಾರಿದ್ದು ಇಂಥವಕ್ಕೆ ಇದು ಸರಿಯಾದ ಜಾಗ. ಆದರೆ ಪಾಲಿನ ಕರಾರಿನವರು ಹೋದರೆ ಎದುರಿನ ವಕೀಲರ ಮೊದಲ ವಾದ, ಇವರು ಗ್ರಾಹಕರೇ ಅಲ್ಲ, ಮರಿ ಮಾರಿ ಲಾಭ ಮಾಡಲು ಕೊಂಡವರು ಎಂಬುದು. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರಿಗೆ ಮಾತ್ರ ವಿನಾಯಿತಿ. ಸಾಕುವುದಕ್ಕೆ ಮಾತ್ರ ಕೊಂಡವರಿಗೆ ಈ ಕಾಟವಿಲ್ಲ. ಎರಡನೆಯ ಬಗೆಯನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಸಿವಿಲ್ ದಾವೆಗೆ ಕರಾರು ಮುರಿದ ದಿನದಿಂದ ಮೂರು ವರ್ಷ ಅವಕಾಶವಿದೆ. ಅವಕಾಶವೇನೋ ಇದೆ, ಮರಿಗಳಿಗೆ ಕಾಯುವ ತಾಳ್ಮೆ ಇಲ್ಲ. ಎಂಟು ವಾರಕ್ಕೆ ಅವು ಹೊಸ ಮನೆ ಸೇರಿರುತ್ತವೆ, ದಾವೆ ಆ ಹೊತ್ತಿಗೆ ನೋಟಿಸ್ ಜಾರಿಯ ಹಂತದಲ್ಲಿರುತ್ತದೆ. ಕೊನೆಗೆ ಸಿಗುವುದು ಹಣವೇ ಹೊರತು ಮೆಚ್ಚಿದ ಮರಿಯಲ್ಲ. ಹಾಗಾಗಿ ವಕೀಲರ ನೋಟಿಸ್ ಕೊಟ್ಟು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ಗೆ ತರುವುದು ಸಣ್ಣ ಮೊತ್ತದವರಿಗೆ ಲೇಸು. ದಾವೆ ಹೂಡುವ ಮೊದಲೇ ಅಲ್ಲಿಗೆ ಹೋಗಬಹುದು. ವಾಟ್ಸ್ಆ್ಯಪ್ ಮಾತುಕತೆಯನ್ನು ಅಳಿಸಬೇಡಿ, ಮೊಬೈಲ್ ಬದಲಿಸಿದರೂ ಹಳೆಯದನ್ನು ಜೋಪಾನವಾಗಿಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದೊಂದಿಗೆ ಅವು ಸಾಕ್ಷ್ಯವಾಗುತ್ತವೆ.

ನಮ್ಮ ಜಗಳ ಮುಗಿದದ್ದು ಇದ್ಯಾವುದರಿಂದಲೂ ಅಲ್ಲ. ತಿಪಟೂರಿನಲ್ಲಿ ಇಬ್ಬರಿಗೂ ಪರಿಚಯವಿದ್ದ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಒಂದು ಭಾನುವಾರ ಕೂರಿಸಿ ಮಾತನಾಡಿಸಿದರು. ಹೆಣ್ಣು ಮರಿ ಅವರಿಗೆ, ಎರಡನೇ ಮರಿಯ ಬದಲು ನನ್ನಿಂದ 8,000 ರೂಪಾಯಿ, ತಿಂಗಳೊಳಗೆ ಪೇಪರ್ ನನ್ನ ಹೆಸರಿಗೆ. ಅಕ್ಕನಿಗೆ ಗಂಡು ಮರಿ ಕೊಟ್ಟೆ. ಅವಳು ಒಂದು ವಾರ ಮುನಿಸಿಕೊಂಡಿದ್ದಳು, ಈಗ ಅದನ್ನು ಬಿಟ್ಟು ಊಟ ಮಾಡುವುದಿಲ್ಲ. ತಾಯಿಗೆ ಮುಂದಿನ ವರ್ಷವೇ ಸಂತಾನಹರಣ ಮಾಡಿಸಿದೆ. ಅದರ ಪ್ರಮಾಣಪತ್ರ ಪಹಣಿಗಳ ಕಡತದಲ್ಲಿದೆ. ಮಂಡಿಯ ಯಜಮಾನರು ಸಿಕ್ಕಾಗಲೆಲ್ಲ ಪೇಪರ್ ಬಂತೇ ಎಂದು ಕೇಳುತ್ತಾರೆ. ಇನ್ನೂ ಬಂದಿಲ್ಲ.